ಅವ್ವನ ಪಾಳಿ

ಸಿಂದಗಿಯ ಶಾಲೆಯಂಗಳದಲ್ಲಿ ಗಾಳಿಗುಮ್ಮಟ ಇನ್ನೂ ಅರ್ಧ ಉಬ್ಬಿ, ಗಬ್ಬದ ಎಮ್ಮೆಯ ಹಾಗೆ ಮಗ್ಗುಲಾಗಿ ಬಿದ್ದಿತ್ತು. ಅಷ್ಟರಲ್ಲಿ ತಮ್ಮ ಸಂಜೀವಕುಮಾರನ ಬೈಕು ಗೇಟಿನಲ್ಲಿ ಬಂದು ನಿಂತಿತು. ಹಿಂದೆ ಅವ್ವ ಕೂತಿದ್ದಳು. ಅವಳ ತೊಡೆಯ ಮೇಲೆ ಅವಳ ಚೀಲ.

“ಅಕ್ಕಾ, ನನ್ನ ಪಾಳಿ ಮುಗೀತು. ನೀ ಹೆಂಗೂ ಹಾದೀಲೆ ಹೊಂಟೀದಿ, ಅವ್ವನ್ನ ನಾಲತವಾಡಕ್ಕ ಬಸಂತನ ಮನಿಗೆ ಬಿಟ್ಟಬಿಡು” ಅಂದ.

ಈ ‘ಹೆಂಗೂ’ ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಸಿಂದಗಿಯಿಂದ ನಾನು ಹೋಗಬೇಕಾದದ್ದು ಬಸವನ ಬಾಗೇವಾಡಿಗೆ. ನಾಲತವಾಡ ಎಲ್ಲಿ, ಬಾಗೇವಾಡಿ ಎಲ್ಲಿ! ತಾಳಿಕೋಟಿ, ಮುದ್ದೇಬಿಹಾಳ, ನಿಡಗುಂದಿ ಅಂತ ಅರ್ಧ ಜಿಲ್ಲೆ ಸುತ್ತಬೇಕು. ಆದರೆ ನಾನು ಇಷ್ಟು ಹೇಳುವಷ್ಟರಲ್ಲಿ ಅವ್ವನನ್ನು ಇಳಿಸಿ ಸಂಜೀವಕುಮಾರ ಬೈಕು ತಿರುಗಿಸಿ ಆಗಿತ್ತು. ಅವನಿಗೂ ಡ್ಯೂಟಿ ಇತ್ತು, ಅವನ ಕಣ್ಣಲ್ಲೂ ನಿದ್ದೆ ಇರಲಿಲ್ಲ. ಬಯ್ಯುವುದು ಬಿಟ್ಟು ಅವ್ವನ ಕೈ ಹಿಡಿದೆ.

ನನ್ನ ಕೆಲಸ ಇದು. ಒಂದು ವ್ಯಾನು, ಒಂದು ಪ್ರೊಜೆಕ್ಟರು, ಫ್ಯಾನ್ ಹಚ್ಚಿದರೆ ಉಬ್ಬಿ ನಿಲ್ಲುವ ಬಟ್ಟೆಯ ಗುಮ್ಮಟ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಕಡೆಯ ಶಾಲೆಗಳಿಗೆ ಹೋಗಿ, ಮಕ್ಕಳನ್ನು ಒಳಗೆ ಕೂರಿಸಿ ಆಕಾಶ ತೋರಿಸುವುದು. ನಮ್ಮ ಡ್ರೈವರ್ ಮೈಬೂಬ ಅದಕ್ಕೆ ಗಾಳಿಗುಮ್ಮಟ ಅಂತ ಹೆಸರಿಟ್ಟ, ಈಗ ಹೆಡ್‌ಮಾಸ್ತರರೂ ಹಾಗೇ ಕರೆಯುತ್ತಾರೆ. ಮೊದಮೊದಲು ಗ್ಯಾಲಕ್ಸಿಯ ಚಿತ್ರ ಬಂದಾಗ ನನಗೇ ಮೈ ಜುಮ್ಮೆನ್ನುತ್ತಿತ್ತು. ಈಗ ಅದೇ ಮಾತು, ಅದೇ ಜೋಕು, ಅದೇ ಗಂಟಲು ನೋವು.

ನನ್ನ ಸುತ್ತಾಟಕ್ಕೆ ಅವ್ವನ ಸುತ್ತಾಟವೂ ಗಂಟುಬಿದ್ದಿದೆ. ಅಪ್ಪ ಹೋದಮೇಲೆ ಊರ ಮನೆ ಹೊಲ ಮೂರು ಭಾಗವಾದವು, ಅವ್ವನೂ ಮೂರು ಭಾಗವಾದಳು. ಹಿರಿಯಣ್ಣ ಭೀಮಶ್ಯಾ ಇಂಡಿ ಕಡೆ ಅಗರಖೇಡದಲ್ಲಿ, ಸಂಜೀವಕುಮಾರ ಸಿಂದಗಿಯಲ್ಲಿ, ಕಿರಿಯ ಬಸಂತರಾಯ ನಾಲತವಾಡದಲ್ಲಿ. ಒಬ್ಬೊಬ್ಬರ ಮನೆಯಲ್ಲಿ ಎರಡೆರಡು ತಿಂಗಳ ಪಾಳಿ. ಯಾರೂ ಅವಳಿಗೆ ಉಣ್ಣಲು ಕಡಿಮೆ ಮಾಡಿಲ್ಲ, ಅದನ್ನು ಹೇಳಲೇಬೇಕು. ಆದರೆ ಪಾಳಿ ಮುಗಿಯುವ ದಿನ ಬಂತೆಂದರೆ ಎಲ್ಲರಿಗೂ ಗಡಿಬಿಡಿ. ಅವ್ವ ತನ್ನ ತಾಟನ್ನು ಕೂಡ ಚೀಲದಲ್ಲೇ ಇಟ್ಟುಕೊಂಡಿರುತ್ತಾಳೆ. ಅಂಚಿನಲ್ಲಿ ಅಪ್ಪನ ಹೆಸರು ಕೊರೆಸಿದ ಸ್ಟೀಲ್ ತಾಟು. ಉಣ್ಣುವಾಗ ತೆಗೆಯುತ್ತಾಳೆ, ತೊಳೆಯುತ್ತಾಳೆ, ಸೆರಗಿನಿಂದ ಒರೆಸಿ ಮತ್ತೆ ಚೀಲಕ್ಕೆ ಹಾಕುತ್ತಾಳೆ. ಯಾವ ಸೊಸೆಯ ಅಡಿಗೆಮನೆಯಲ್ಲೂ ಅದು ಒಂದು ರಾತ್ರಿ ಇದ್ದದ್ದಿಲ್ಲ.

ಪಾಳಿಯಲ್ಲಿ ನಾನಿಲ್ಲ. ಹೆಣ್ಣುಮಗಳು ಅಂತಲ್ಲ, ಬೇರೆ ಕಾರಣ ಇದೆ. ಮಗಳಿಗೆ ಮಕ್ಕಳಾಗುವ ತನಕ ತಾಯಿ ಅವಳ ಮನೆಯಲ್ಲಿ ಉಣ್ಣಬಾರದು ಅನ್ನುವುದು ನಮ್ಮ ಮನೆತನದ ಪದ್ಧತಿ. ನನಗೆ ಮಕ್ಕಳಾಗಲಿಲ್ಲ. ಅದೇ ನೆಪ ಹೇಳಿ ಗಂಡ ಇನ್ನೊಂದು ಮದುವೆಯಾದ, ನಾನು ಬಾಗೇವಾಡಿಗೆ ಬಂದು ಬಾಡಿಗೆ ಮನೆ ಹಿಡಿದೆ. ಅಲ್ಲಿ ಅವ್ವ ನೀರು ಕುಡಿದಿದ್ದಾಳೆ, ಅಷ್ಟೇ. ಒಂದು ತುತ್ತು ಉಂಡಿಲ್ಲ. ನನಗೀಗ ಐವತ್ತು ಹತ್ತಿರ ಬಂತು. ಪದ್ಧತಿ ಮಾತ್ರ ಇನ್ನೂ ಕಾಯುತ್ತಾ ಕೂತಿದೆ.

ಅವತ್ತು ಬಿಸಿಲು ಜೋರಿತ್ತು. ಅವ್ವನನ್ನು ವ್ಯಾನಿನಲ್ಲಿ ಕೂರಿಸಿದರೆ ಬೇಯುತ್ತಾಳೆ ಅಂತ ಗುಮ್ಮಟದೊಳಗೇ ಕರೆದೆ. ಬಾಗಿಲು ಸಣ್ಣದು, ಅಂಬೆಗಾಲಿಟ್ಟೇ ಹೋಗಬೇಕು.

“ಈ ವಯಸ್ಸಿನಾಗ ನನ್ನ ಕೂಸಿನಂಗ ತೆವಳಸ್ತೀಯಲ್ಲ” ಅಂತ ಬಯ್ಯುತ್ತಲೇ ತೆವಳಿದಳು. ಮಕ್ಕಳ ಹಿಂದೆ ಚೀಲ ತಬ್ಬಿಕೊಂಡು ಕೂತಳು.

ನಾನು ಶುರು ಮಾಡಿದೆ. ಮೊದಲು ದೊಡ್ಡ ಅನಿಲದ ಮೋಡ. ಅದು ತನ್ನ ಭಾರಕ್ಕೆ ತಾನೇ ಒಳಗೆ ಕುಸಿಯುತ್ತದೆ, ಕುಸಿಯುತ್ತಾ ತಿರುಗುತ್ತದೆ. “ಮ್ಯಾಲಿಂದ ಬೀಳೂದು, ಕೆಳಗಿಂದ ಏರೂದು ನಟ್ಟನಡುವ ಒಂದಕ್ಕೊಂದು ಬಡದು ಸುಮ್ಮನಾಗತಾವ. ಆದ್ರ ಸುತ್ತ ತಿರಗೂದು ಐತಲ್ಲ, ಅದು ಸುಮ್ಮನಾಗಂಗಿಲ್ಲ. ಅದಕ್ಕ ಮೋಡ ಚಪ್ಪಟಿ ಆಕ್ಕೋತ, ಅಗಲ ಆಕ್ಕೋತ ತಾಟಿನಂಗ ಆಗತೈತಿ. ನೀವು ಪರಕರ ಉಟ್ಟು ಗರಗರ ತಿರಗಿದ್ರ ಅದು ಅರಳಂಗಿಲ್ಲೇನು? ಹಂಗ.” ಹುಡುಗಿಯರು ನಕ್ಕರು. ಈ ಜಾಗದಲ್ಲಿ ಯಾವಾಗಲೂ ನಗುತ್ತಾರೆ.

ಆಮೇಲೆ ಉಂಗುರದ ಗ್ಯಾಲಕ್ಸಿ ಬಂತು. ವಿಜ್ಞಾನಿಗಳು ಅದಕ್ಕೆ ಗಾಡಿಯ ಗಾಲಿ ಅಂತಲೇ ಹೆಸರಿಟ್ಟಿದ್ದಾರೆ. ಸುತ್ತ ನೀಲಿ ಬಳೆ, ನಡುವೆ ಮಂಕು ಬೆಳಕು. ಕೋಟಿಗಟ್ಟಲೆ ವರ್ಷದ ಹಿಂದೆ ಇನ್ನೊಂದು ಸಣ್ಣ ಗ್ಯಾಲಕ್ಸಿ ಅದರ ನಡುವಿನಿಂದಲೇ ಹಾದುಹೋಯಿತು. ಚುಕ್ಕಿಗೆ ಚುಕ್ಕಿ ತಾಗಲಿಲ್ಲ, ಅವುಗಳ ನಡುವೆ ಅಷ್ಟು ಅಂತರ ಇರುತ್ತದೆ. ಆದರೆ ಹಾದುಹೋಗುವಾಗ ಅದರ ಸೆಳೆತಕ್ಕೆ ಎಲ್ಲ ಚುಕ್ಕಿಗಳೂ ಒಳಗೆ ವಾಲಿದವು. ಅದು ದಾಟಿದ್ದೇ ತಡ, ಹೊರಗೆ ಚಿಮ್ಮಿದವು. ಅವೆಲ್ಲ ಗಿಜಿಗುಟ್ಟಿದ ಕಡೆ ಉಂಗುರ ಮೂಡಿತು. ಅಲ್ಲೇ ಅನಿಲವೂ ಒತ್ತೊತ್ತಾಗಿ ಹೊಸ ಚುಕ್ಕಿಗಳು ಹುಟ್ಟಿದವು. ಇಷ್ಟು ಹೇಳಿ ಲೈಟು ಹಚ್ಚಿದೆ. ಮಕ್ಕಳು ಕಣ್ಣುಜ್ಜಿಕೊಂಡು ಹೊರಗೆ ತೆವಳಿದರು. ಅವ್ವ ಮೇಲೆ ನೋಡುತ್ತಾ ಇನ್ನೂ ಕೂತೇ ಇದ್ದಳು.

ವ್ಯಾನು ತಾಳಿಕೋಟಿ ದಾಟಿತು. ಅವ್ವ ಕಿಟಕಿಯ ಹೊರಗೆ ಮುಖ ಮಾಡಿಯೇ ಕೇಳಿದಳು.

“ಆ ನಡುವ ಹಾದು ಹೋತಲ್ಲ, ಅದು ಹೊಳ್ಳಿ ನೋಡ್ತೇನು?”

“ಇಲ್ಲ ಬೇ. ಅದರ ಹಾದಿ ಅದು ಹಿಡೀತು.”

“ಸಾವೂ ಹಂಗ ನೋಡು. ನಿಮ್ಮಪ್ಪನ ತಗೊಂಡು ನಮ್ಮ ಮನಿ ನಡುವಿಂದ ಹಾದು ಹೋತು. ನಾವೆಲ್ಲಾ ದಂಡಿಗೆ ಬಿದ್ವಿ.” ಮತ್ತೆ ಕೇಳಿದಳು, “ದಂಡೀಗೆ ಹೋದ ಚುಕ್ಕಿ ಮತ್ತ ತಮ್ಮ ಜಾಗಕ್ಕ ಬರಂಗಿಲ್ಲೇನು?”

ಗಂಟಲು ಉರಿಯುತ್ತಿತ್ತು. ಸೊಂಟ ನೋಯುತ್ತಿತ್ತು. “ಇಲ್ಲ ಬೇ, ಹೋದುವು ಅಂದ್ರ ಹೋದುವು” ಅಂದುಬಿಟ್ಟೆ.

ಅವ್ವ “ಹೌದೇನು” ಅಂದಳು. ಆಮೇಲೆ ಚೀಲದ ಹಿಡಿಕೆಯನ್ನು ಕೈಗೆ ಸುತ್ತಿಕೊಂಡು ಕಣ್ಣು ಮುಚ್ಚಿದಳು.

ನಾಲತವಾಡದಲ್ಲಿ ಬಸಂತನ ಮನೆ ನೋಡಿ ಮೈಬೂಬನೇ ಬ್ರೇಕು ಹಾಕಿ ಬಾಯಿ ತೆರೆದ. ಮನೆಗೆ ಛಾವಣಿಯೇ ಇರಲಿಲ್ಲ. ತಗಡಿನ ಪತ್ರಾಸು ತೆಗೆದು ಗೋಡೆಗೆ ಒರಗಿಸಿದ್ದರು. ಅಂಗಳದ ತುಂಬ ಉಸುಕು, ಕಬ್ಬಿಣದ ಸರಳು. ಬಸಂತ ತಲೆಗೆ ಟವೆಲ್ ಸುತ್ತಿಕೊಂಡು ಗಾರೆಯವರ ಜೊತೆ ನಿಂತಿದ್ದ. ನಮ್ಮನ್ನು ನೋಡಿ ಅವನ ಮುಖ ಸಣ್ಣದಾಯಿತು.

“ಅಕ್ಕಾ, ಫೋನ್ ಮಾಡಬೇಕಂತಿದ್ದೆ. ಮನಿಯಾಕಿ ಮಕ್ಕಳನ್ನ ಕರಕೊಂಡು ತವರಿಗೆ ಹೋಗ್ಯಾಳ. ನಾ ಇಲ್ಲೇ ಸಿಮೆಂಟಿನ ಚೀಲದ ಮ್ಯಾಲ ಮಲಗಾಕತ್ತೇನಿ. ಸ್ಲ್ಯಾಬ್ ಬೀಳೂತನಕ ಅವ್ವನ್ನ ಎಲ್ಲಿ ಇಟ್ಟಕೊಳ್ಳಿ? ಈ ಒಂದ ಪಾಳಿ ಭೀಮಶ್ಯಾ ಅಣ್ಣ ಹಿಡೀಲಿ, ಮುಂದ ಎರಡೂ ನಾ ಹಿಡೀತೇನಿ.”

ಅಲ್ಲೇ ನಿಂತು ಭೀಮಶ್ಯಾನಿಗೆ ಫೋನ್ ಹಚ್ಚಿದೆ. ಗಾರೆಯ ಮಷಿನ್ ಸದ್ದಿಗೆ ಕೇಳುವುದಿಲ್ಲ ಅಂತ ಸ್ಪೀಕರ್ ಹಾಕಿದೆ. ಹಾಕಬಾರದಾಗಿತ್ತು.

“ಪಾಳಿ ಅಂದ್ರ ಪಾಳಿ ತಂಗಿ” ಅಂದ ಅಣ್ಣ, ಅಗರಖೇಡದ ಹೊಲದಿಂದ ಕೂಗುತ್ತಾ. “ಕಬ್ಬು ಕಡ್ಯೂ ಮಂದಿ ಬಂದಾರ, ಮನ್ಯಾಗ ನಿನ್ನ ವೈನಿ ಬೆನ್ನು ಹಿಡಕೊಂಡು ಬಿದ್ದಾಳ. ಈಗ ಅವ್ವನ್ನ ತಂದ್ರ ನೋಡಾವ್ರು ಯಾರು? ಸಂಜೂನ ಕಡೆನ ಇನ್ನ ಒಂದ ತಿಂಗಳ ಇರಲಿ ಅಂತ ಹೇಳು.”

ಸಂಜೀವಕುಮಾರ ಫೋನ್ ಎತ್ತಲಿಲ್ಲ. ಯಾರ ಮೇಲೆ ಸಿಟ್ಟು ಮಾಡಲಿ? ಯಾರ ಮಾತೂ ಸುಳ್ಳಲ್ಲ. ಎಲ್ಲರೂ ದಣಿದಿದ್ದಾರೆ, ಎಲ್ಲರಿಗೂ ಕಾರಣಗಳಿವೆ. ಆ ಕಾರಣಗಳ ನಡುವೆ ಅವ್ವ ವ್ಯಾನಿನಲ್ಲಿ ಕೂತು ಒಂದೊಂದು ಮಾತನ್ನೂ ಕೇಳಿಸಿಕೊಂಡಳು. ಬಸಂತ ಕಿಟಕಿಯಲ್ಲಿ ಕೈ ಹಾಕಿ ಅವಳ ಕಾಲು ಮುಟ್ಟಿದ. ಅವಳು ಅವನ ತಲೆಯ ಮೇಲಿನ ಸಿಮೆಂಟಿನ ಪುಡಿ ಕೊಡವಿದಳು.

“ಸಿಮೆಂಟ್ ಹಾಕಿದ ಮ್ಯಾಲ ನೀರು ಬರೋಬ್ಬರಿ ಹೊಡಿಯಪಾ” ಅಂದಳು. ಆಮೇಲೆ ನನ್ನ ಕಡೆ ತಿರುಗಿ, “ನಾ ಈ ಗಾಡ್ಯಾಗನ ಇರ್ತೇನಿ ಬಿಡು. ಗುಮ್ಮಟದ ಜೋಡಿ ನನ್ನೂ ಮಡಚಿ ಇಡು” ಅಂತ ನಗಲು ನೋಡಿದಳು.

ನಿಡಗುಂದಿ ದಾಟುವಾಗ ಮೈಬೂಬ ರೇಡಿಯೋ ಬಂದ್ ಮಾಡಿದ. ಅವನಿಗೂ ಏನೋ ಆಗಿತ್ತು. ಬಾಗೇವಾಡಿಯಲ್ಲಿ ನಮ್ಮನ್ನು ಇಳಿಸುವಾಗ, “ಆಯಿ, ಇಲ್ಲೇ ಇರ್ರಿ ಇನ್ನ. ಅಕ್ಕೋರಿಗೂ ಜೋಡಿ ಆಗತೈತಿ” ಅಂದ. ಅವ್ವ ಅವನ ಮಾತು ಕೇಳಿಸದವಳ ಹಾಗೆ ಕಟ್ಟೆಯ ಮೇಲೆ ಕೂತಳು. ಒಳಗೆ ಬರಲಿಲ್ಲ.

ನಾನು ಕೈಕಾಲು ತೊಳೆದು ರೊಟ್ಟಿ ಬಡಿದೆ. ಹೆಸರುಕಾಳಿನ ಪಲ್ಯ ಮಾಡಿದೆ, ಅದು ಅವಳಿಗೆ ಇಷ್ಟ. ಬಿಸಿ ರೊಟ್ಟಿ ಹಿಡಿದು ಹೊರಗೆ ಬಂದರೆ ಅವ್ವ ಚೀಲದಿಂದ ಸಿಂದಗಿಯಿಂದ ತಂದ ಒಣ ಕಟಕ ರೊಟ್ಟಿ ತೆಗೆದು ಮುರಿಯುತ್ತಿದ್ದಳು. ಪಕ್ಕದ ಮನೆಯ ರಹಿಮಾಬಿ ಅದನ್ನು ನೋಡಿ ಒಂದು ಬಟ್ಟಲಲ್ಲಿ ಕಡಲೆಹಿಟ್ಟಿನ ಝುಣಕ ತಂದುಕೊಟ್ಟರು. ಅವ್ವ ತಾಟು ತೆಗೆದು ಅದನ್ನು ಹಾಕಿಸಿಕೊಂಡಳು!

ನನ್ನ ತಲೆ ಕೆಟ್ಟಿತು.

“ರಹಿಮಾಬಿ ಕೊಟ್ರ ಉಣ್ತಿ, ನಾ ಕೊಟ್ರ ಉಣ್ಣಂಗಿಲ್ಲ. ನಾ ಏನ ಪಾಪ ಮಾಡೇನಿ ಬೇ? ಮೂರು ಮಂದಿ ಗಂಡಮಕ್ಕಳು ಇವತ್ತ ನಿನ್ನ ಚೆಂಡಿನಂಗ ಒಬ್ಬರ ಕಡೆಯಿಂದ ಒಬ್ಬರ ಕಡೆ ಒಗದ್ರು, ನಾ ಕೈ ಚಾಚಿ ನಿಂತೇನಿ, ನಿನಗ ಪದ್ಧತಿ ದೊಡ್ಡದಾತು?”

ರಹಿಮಾಬಿ ಮೆಲ್ಲಗೆ ಒಳಗೆ ಹೋದರು. ಅವ್ವ ಮುರಿದ ತುಂಡನ್ನು ತಾಟಿನಲ್ಲಿ ಇಟ್ಟಳು.

“ಪದ್ಧತಿ ಹಾಳಾಗಲಿ” ಅಂದಳು. “ಪದ್ಧತಿಗೆ ಯಾರು ಹೆದರ್ತಾರ? ನಾ ನಿನ್ನ ಮನ್ಯಾಗ ಉಂಡೆ ಅಂದ್ರ, ನಿನಗ ಇನ್ನ ಮಕ್ಕಳಾಗಂಗಿಲ್ಲ ಅಂತ ನಾನ ಒಪ್ಪಿಕೊಂಡಂಗ. ಎಲ್ಲಾರೂ ಆಸೆ ಬಿಟ್ರು. ನಿನ್ನ ಗಂಡ ಬಿಟ್ಟ, ನೀನೂ ಬಿಟ್ಟಿ. ತಾಯಿ ಆದಾಕಿ ನಾ ಹೆಂಗ ಬಿಡ್ಲಿ?”

ಕೈಯಲ್ಲಿನ ರೊಟ್ಟಿ ತಣ್ಣಗಾಯಿತು. ಇಷ್ಟು ವರ್ಷ ಅವಳು ನನ್ನನ್ನು ದೂರ ಇಟ್ಟಿದ್ದಾಳೆ ಅಂತ ತಿಳಿದಿದ್ದೆ. ಅವಳು ನನ್ನ ಪರವಾಗಿ ಹಸಿವೆ ಹಿಡಿದುಕೊಂಡು ಕೂತಿದ್ದಳು. ಅವಳ ಮೇಲೆ ಪ್ರೀತಿಯೂ ಬಂತು, ಸಿಟ್ಟೂ ಬಂತು. ಒಳಗೆ ಹೋಗಿ ಒಬ್ಬಳೇ ಉಂಡೆ.

ಮರುದಿನ ಬಾಗೇವಾಡಿಯ ಶಾಲೆ. ಅವ್ವನನ್ನು ಮನೆಯಲ್ಲಿ ಬಿಟ್ಟು ಹೊರಟರೆ ಅವಳೇ ಚೀಲ ಹಿಡಿದು ವ್ಯಾನಿನ ಬಾಗಿಲಲ್ಲಿ ನಿಂತಿದ್ದಳು. ಗುಮ್ಮಟ ಉಬ್ಬಿತು. ಮಕ್ಕಳು ತೆವಳಿದರು. ಅವ್ವನೂ ತೆವಳಿದಳು, ಈ ಸಲ ಬಯ್ಯಲಿಲ್ಲ. ಮೋಡ ಬಂತು, ತಾಟು ಬಂತು, ಪರಕರದ ಜೋಕಿಗೆ ಹುಡುಗಿಯರು ನಕ್ಕರು. ಗಾಲಿಯ ಚಿತ್ರ ಬಂತು. ಉಂಗುರ ಮೂಡಿದ ಕಥೆ ಹೇಳಿ, ಎಂದಿನಂತೆ ಲೈಟಿಗೆ ಕೈ ಹಾಕಬೇಕು. ಕೈ ಹೋಗಲಿಲ್ಲ. ಹಿಂದಿನ ದಿನ ವ್ಯಾನಿನಲ್ಲಿ ಹೇಳಿದ ಉತ್ತರ ಕೊರೆಯುತ್ತಿತ್ತು. ಅದು ತಪ್ಪು ಉತ್ತರ. ದಣಿದವಳು ಬಾಯಿಗೆ ಬಂದದ್ದು ಹೇಳಿದ್ದೆ.

“ಇನ್ನೊಂದು ಮಾತು ಐತಿ” ಅಂದೆ ಕತ್ತಲಿಗೆ. “ಬಾವ್ಯಾಗ ಕಲ್ಲು ಒಗದ್ರ ಅಲಿ ದಂಡೀತನಕ ಹೋಗತೈತಿ. ಆದ್ರ ನೀರಿನ ಮ್ಯಾಲಿನ ಬೇವಿನ ಎಲಿ ದಂಡೀಗೆ ಹೋಗತೈತೇನು? ಇಲ್ಲ. ತುಸು ಏರಿ, ತುಸು ಇಳದು, ಅಲ್ಲೇ ಇರತೈತಿ. ಈ ಉಂಗುರನೂ ಹಂಗ. ಹೊರಗ ಹೊರಗ ಹೋಗೂದು ಗದ್ದಲ ಅಷ್ಟ. ಚುಕ್ಕಿ ಹೊರಗ ಚಿಮ್ಮತೈತಿ, ಮತ್ತ ಒಳಗ ಬರತೈತಿ. ತನ್ನ ಜಾಗದ ಆಚೆ ಈಚೆ ಆಡಿ, ಆಡಿ, ಕಡೀಕ ಅಲ್ಲೇ ನಿಲ್ಲತೈತಿ.”

ಹಿಂದಿನಿಂದ ಅವ್ವನ ದನಿ ಬಂತು.

“ಮತ್ತ ನಿನ್ನೆ ಬರಂಗಿಲ್ಲ ಅಂದಿ?”

ಮಕ್ಕಳು ಕಿಸಿಕಿಸಿ ನಕ್ಕರು. ಮಾಸ್ತರರು ಶ್ ಅಂದರು.

“ನಿನ್ನೆ ತಪ್ಪು ಹೇಳಿದೆ. ಬರತಾವ.”

“ಉಂಗುರದಾಗ ಹೊಸ ಚುಕ್ಕಿ ಹುಟ್ಟತಾವ ಅಂದ್ಯಲ್ಲ. ಹೊಸಾವು ಹುಟ್ಟಲಾರದ ಗ್ಯಾಲಕ್ಸಿ ಇರತಾವೇನು?”

ಯಾರೂ ನಗಲಿಲ್ಲ ಈಗ. ಮಕ್ಕಳು ಇದೂ ಪಾಠ ಅಂದುಕೊಂಡರು. ಕತ್ತಲು ಇದ್ದದ್ದು ಒಳ್ಳೆಯದಾಯಿತು.

“ಇರತಾವ ಬೇ. ಬೇಕಾದಷ್ಟು ಅದಾವ. ಹುಟ್ಟಸೂ ಅನಿಲ ತೀರಿರತೈತಿ.”

“ಅವಕ್ಕ ಉಂಗುರ ಆಗಂಗಿಲ್ಲ ಹಂಗಾರ?”

“ಆಗತೈತಿ. ಇದ್ದ ಹಳೇ ಚುಕ್ಕಿ ಕೂಡೇ ಆಗತೈತಿ.”

“ಬೆಳಕು?”

“ಕೊಡತಾವ. ನೀಲಿ ಇರಂಗಿಲ್ಲ, ಸ್ವಲ್ಪ ಕೆಂಪು ಇರತೈತಿ. ಸಂಜಿ ಮುಂದಿನ ದೀಪದಂಗ. ಭಾಳ ಕಾಲ ಇರತಾವ ಬೇ. ಅವಕ್ಕೇನೂ ಆಗಿಲ್ಲ. ಅವು ಆರಾಮ ಅದಾವ.”

ಲೈಟು ಹಚ್ಚಿದಾಗ ಅವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಗುಮ್ಮಟದಲ್ಲಿ ಧೂಳು ಅಂತ ಮೈಬೂಬನ ಮುಂದೆ ದೂರಿದಳು.

ಮನೆಗೆ ಬಂದು ನಾನು ಒಲೆ ಹಚ್ಚಿದೆ. ಅವ್ವ ಎಂದಿನಂತೆ ಕಟ್ಟೆಯ ಮೇಲೆ ಕೂರುತ್ತಾಳೆ ಅಂತ ಒಂದೇ ಅಳತೆ ಹಿಟ್ಟು ಸುರುವಿಕೊಂಡೆ. ಬಾಗಿಲಲ್ಲಿ ನೆರಳು ಬಿತ್ತು. ಅವ್ವ ಒಳಗೆ ಬಂದಳು, ನನ್ನ ಎದುರಿಗೆ ಗೋಡೆಗೆ ಒರಗಿ ಕೂತಳು, ಚೀಲದಿಂದ ತಾಟು ತೆಗೆದು ಮುಂದೆ ಇಟ್ಟುಕೊಂಡಳು.

“ಹಿಟ್ಟು ಇನ್ನಷ್ಟು ತಗೋ” ಅಂದಳು. “ಇಷ್ಟ ಇಬ್ಬರಿಗೆ ಆಗಂಗಿಲ್ಲ.”

ನಾನು ಅವಳನ್ನೇ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ.

ಮೊದಲ ರೊಟ್ಟಿ ಹಾಕಿದೆ. ಅವ್ವ ಅದನ್ನು ಮುರಿದು, ಪಲ್ಯ ಹಚ್ಚಿ, ಬಾಯಿಯ ಹತ್ತಿರ ಒಯ್ದು ತಡೆದಳು. ಅವಳ ಕಣ್ಣಿಂದ ನೀರು ಇಳಿದು ಗದ್ದಕ್ಕೆ ಬಂತು. ನಾನೂ ಅಳುತ್ತಿದ್ದೆ, ರೊಟ್ಟಿ ಬಡಿಯುತ್ತಲೇ ಇದ್ದೆ. ಇಬ್ಬರೂ ಏನನ್ನು ಕಳೆದುಕೊಳ್ಳುತ್ತಿದ್ದೇವೆ ಅಂತ ಇಬ್ಬರಿಗೂ ಗೊತ್ತಿತ್ತು. ಹುಟ್ಟದೇ ಇದ್ದ ಒಂದು ಕೂಸಿಗಾಗಿ ನಾನು ಅತ್ತದ್ದು ಅದೇ ಕೊನೆ. ಅವ್ವ ತುತ್ತನ್ನು ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು, ನುಂಗಿದಳು.

“ಉಪ್ಪು ಕಡಿಮಿ ಆಗೈತಿ” ಅಂದಳು.

ಅವಳು ಉಣ್ಣುತ್ತಿರುವಾಗಲೇ ಭೀಮಶ್ಯಾನ ಫೋನ್ ಬಂತು. ರಾತ್ರಿ ನಿದ್ದೆ ಬಂದಿರಲಿಲ್ಲವಂತೆ. ಕಬ್ಬು ಹೋದಕೂಡಲೇ ತಾನೇ ಬಂದು ಅವ್ವನನ್ನು ಕರೆದೊಯ್ಯುತ್ತೇನೆ, ಇದನ್ನು ಯಾರ ಪಾಳಿ ಅಂತ ಹಿಡಿಯೋಣ ಹೇಳು ಅಂದ. ನನ್ನ ಕೈಯೆಲ್ಲ ಹಿಟ್ಟು, ಫೋನ್ ಸ್ಪೀಕರಿನಲ್ಲಿತ್ತು. ಅವ್ವ ಎಡಗೈ ಚಾಚಿ ಫೋನ್ ಇಸಿದುಕೊಂಡಳು.

“ಭೀಮಶ್ಯಾ, ಪಾಳಿ ಮುಗೀತಪಾ” ಅಂದಳು. “ನೀವ ಎಲ್ಲಾರೂ ನನ್ನ ನೋಡಾಕ ಇಲ್ಲೇ ಬರ್ರಿ. ನನಗ ಸಾಕಾಗೈತಿ.”

ಊಟ ಮುಗಿಸಿ ಎದ್ದು ತಾಟು ತಾನೇ ತೊಳೆದಳು. ಸೆರಗಿನಿಂದ ಒರೆಸಿದಳು. ಚೀಲ ಬಾಗಿಲ ಹತ್ತಿರ ಬಾಯಿ ತೆರೆದುಕೊಂಡೇ ಇತ್ತು. ಅವ್ವ ಅದನ್ನು ದಾಟಿ ಬಂದು, ನನ್ನ ಪಾತ್ರೆಗಳ ಸ್ಟ್ಯಾಂಡಿನಲ್ಲಿ ನನ್ನ ತಾಟನ್ನು ಸ್ವಲ್ಪ ಆಚೆ ಸರಿಸಿ, ತನ್ನದನ್ನು ಅದರ ಪಕ್ಕದಲ್ಲಿ ಇಟ್ಟಳು.